ಮಂಗಳೂರಿನಿಂದ ಹೊನ್ನಾವರಕ್ಕೆ ದೋಣಿ: ಐದು ಅಳಿವೆಗಳ ಲೆಕ್ಕ

ತುಮಕೂರಿಗೆ ಕಡಲು ದೂರ, ದಾರಿ ಮಾತ್ರ ನೇರ. ಮಂಗಳೂರಿನಿಂದ ಚಾರ್ಮಾಡಿ ಹತ್ತಿ ಬರುವ ಹೆದ್ದಾರಿ 73 ನಮ್ಮೂರಿಗೇ ಬಂದು ಮುಗಿಯುತ್ತದೆ. ತಿಪಟೂರು, ಅರಸೀಕೆರೆ, ಶಿವಮೊಗ್ಗ, ಸಾಗರ ದಾಟಿ ಹೊನ್ನಾವರಕ್ಕೆ ಇಳಿಯುವ ಹಳೇ 206 ಹೊರಡುವುದೂ ಇಲ್ಲಿಂದಲೇ. ನಾವು ಕೆಲವು ಮನೆಯವರು ಕೂಡಿ ಮಂಗಳೂರಿನಲ್ಲಿ ಕೊಂಡ 22 ಅಡಿಯ ಹಳೇ ಫೈಬರ್ ದೋಣಿಗೆ ಹೊನ್ನಾವರವನ್ನು ಮನೆ ಬಂದರು ಮಾಡಿಕೊಂಡದ್ದು ಹೀಗೆ. ದೋಣಿ ಬೇಕಾಗಿದ್ದದ್ದು ಶರಾವತಿಯ ಹೊಳೆಯೊಳಗೆ, ಗೇರುಸೊಪ್ಪದ ಕಡೆಗೆ ಓಡಾಡುವುದಕ್ಕೆ. ಕಡಲಿನ ಕೆಲಸ ಇದ್ದದ್ದು ಅದನ್ನು ಅಲ್ಲಿಗೆ ಮುಟ್ಟಿಸುವವರೆಗೆ ಮಾತ್ರ.

ಲಾರಿಯಲ್ಲಿ ಹಾಕಿ ಹೆದ್ದಾರಿ 66ರ ಮೇಲೆ ಒಯ್ದರೆ ಅರ್ಧ ದಿನದ ಕೆಲಸ. ಬಹಳ ಜನ ಹಾಗೇ ಮಾಡುತ್ತಾರೆ, ತಪ್ಪೇನಿಲ್ಲ. ಆದರೆ ಎರಡೂ ಕಡೆ ಕ್ರೇನ್ ಬೇಕು, ದೋಣಿಯ ಹೊಟ್ಟೆಗೆ ಸರಿಹೊಂದುವ ತೊಟ್ಟಿಲು ಬೇಕು. ಬರೀ ಟೈರಿನ ಮೇಲೆ ಕೂರಿಸಿ ಹಗ್ಗ ಬಿಗಿದರೆ ರಸ್ತೆಯ ಉಬ್ಬುಗಳಲ್ಲಿ ಫೈಬರ್ ಒಳಗಿಂದ ಬಿರುಕು ಬಿಡುತ್ತದೆ, ಹೊರಗಿನ ಬಣ್ಣದ ಮೇಲೆ ಏನೂ ಕಾಣುವುದಿಲ್ಲ. ಇನ್ನೊಂದು ಕಾರಣ ಎಂಜಿನ್, ದೋಣಿಯ ಹಿಂಬದಿಗೆ ಹೊರಗಿಂದ ಕೂರಿಸುವ ಔಟ್‌ಬೋರ್ಡ್. ಹೊಸ 40 ಎಚ್‌ಪಿ ಫೋರ್‌ಸ್ಟ್ರೋಕ್ ಔಟ್‌ಬೋರ್ಡನ್ನು ಮೊದಲ 10 ಗಂಟೆ ಹದವಾಗಿ ಓಡಿಸಿ ಪಳಗಿಸಲೇಬೇಕು. ಮಂಗಳೂರು-ಹೊನ್ನಾವರದ ನಡುವಿನ ದೂರ ಹೆಚ್ಚುಕಡಿಮೆ ಅಷ್ಟೇ ಗಂಟೆಗಳನ್ನು ಕೇಳುತ್ತದೆ.

ದೂರ ಲೆಕ್ಕ ಹಾಕುವುದು ಈ ಕರಾವಳಿಯಲ್ಲಿ ಸುಲಭ. ತೀರ ಬಹುಪಾಲು ದಕ್ಷಿಣೋತ್ತರವಾಗಿದೆ, ಉತ್ತರಕ್ಕೆ ಹೋದಂತೆ ಸ್ವಲ್ಪ ಪಶ್ಚಿಮಕ್ಕೆ ವಾಲುತ್ತದೆ. ಅಕ್ಷಾಂಶದ ಒಂದು ಮಿನಿಟು ಎಂದರೆ ಒಂದು ನಾಟಿಕಲ್ ಮೈಲಿ, ಅಂದರೆ 1.852 ಕಿ.ಮೀ. ಮಂಗಳೂರಿನ ಅಳಿವೆ, ಅಂದರೆ ಹೊಳೆ ಕಡಲು ಸೇರುವ ಬಾಯಿ, ಸುಮಾರು 12 ಡಿಗ್ರಿ 51 ಮಿನಿಟು, ಮಲ್ಪೆ 13-21, ಗಂಗೊಳ್ಳಿ 13-38, ಭಟ್ಕಳ 13-58, ಹೊನ್ನಾವರ 14-17. ಒಂದರಿಂದ ಇನ್ನೊಂದು ಕಳೆದರೆ 30, 17, 20, 19 ಮೈಲಿ. ತೀರದ ವಾಲಿಕೆ, ಬಂದರಿನೊಳಗಿನ ಓಡಾಟ ಎಲ್ಲ ಸೇರಿ ಒಟ್ಟು 95 ಎಂದು ಹಿಡಿದುಕೊಳ್ಳಬಹುದು. 12 ನಾಟ್, ಅಂದರೆ ಗಂಟೆಗೆ 12 ನಾಟಿಕಲ್ ಮೈಲಿ ವೇಗದಲ್ಲಿ ಎಂಟು ಗಂಟೆಯ ಓಟ. ಎಂಟು ಗಂಟೆಯಾದರೆ ಒಂದೇ ದಿನದಲ್ಲಿ ಯಾಕೆ ಮುಗಿಸಬಾರದು ಅಂತ ಬಯಲುಸೀಮೆಯವರು ಮೊದಲು ಕೇಳುವ ಪ್ರಶ್ನೆ. ಮುಗಿಸಬಾರದು. ಯಾಕೆಂದರೆ ದಿನಕ್ಕೆ ಸಿಗುವುದು ಬೆಳಗಿನ ನಾಲ್ಕೇ ಗಂಟೆಯ ಒಳ್ಳೆಯ ಕಡಲು, ಅದರಲ್ಲೂ ಅಳಿವೆ ದಾಟುವುದಕ್ಕೆ ಸಿಗುವುದು ಇನ್ನೂ ಕಡಿಮೆ.

ಡಿಸೆಂಬರ್‌ನಿಂದ ಫೆಬ್ರವರಿವರೆಗೆ ರಾತ್ರಿಯಿಡೀ ನೆಲದ ಕಡೆಯಿಂದ, ಅಂದರೆ ಪೂರ್ವದಿಂದ, ತಣ್ಣನೆ ಗಾಳಿ ಬೀಸುತ್ತದೆ. ಅದು ಕಡಲನ್ನು ಒತ್ತಿ ಮಟ್ಟಸ ಮಾಡಿರುತ್ತದೆ. ಬೆಳಿಗ್ಗೆ ಹತ್ತು ಹನ್ನೊಂದರ ಹೊತ್ತಿಗೆ ಆ ಗಾಳಿ ಸಾಯುತ್ತದೆ. ಮಧ್ಯಾಹ್ನದ ಮೇಲೆ ವಾಯವ್ಯದಿಂದ ಕಡಲ ಗಾಳಿ ಏಳುತ್ತದೆ, ಸಂಜೆವರೆಗೆ ಇಳಿಯುವುದಿಲ್ಲ. ಮಂಗಳೂರಿನಿಂದ ಉತ್ತರಕ್ಕೆ ಹೋಗುವ ದೋಣಿಗೆ ಆ ಗಾಳಿ ಸರಿಯಾಗಿ ಮೂಗಿಗೇ ಬಡಿಯುತ್ತದೆ. ಬೆಳಿಗ್ಗೆ ಎರಡೂವರೆ ಗಂಟೆ ಹಿಡಿಯುವ ದಾರಿ ಮಧ್ಯಾಹ್ನ ಐದು ಗಂಟೆಯಾದರೂ ಮುಗಿಯದು, ಪೆಟ್ರೋಲು ದುಪ್ಪಟ್ಟು ಕುಡಿಯುತ್ತದೆ. ಆದ್ದರಿಂದ ಬೆಳಕು ಹರಿಯುತ್ತಲೇ ಹೊರಟು, ಹತ್ತೂವರೆಯೊಳಗೆ ಮುಂದಿನ ದಕ್ಕೆಯಲ್ಲಿ ಹಗ್ಗ ಕಟ್ಟಿರಬೇಕು.

ಇದು ಗಾಳಿಯ ಲೆಕ್ಕ. ಅಳಿವೆಯ ಲೆಕ್ಕ ಬೇರೆ, ಅದೇ ಮುಖ್ಯ. ಹೊಳೆ ಕಡಲು ಸೇರುವ ಬಾಯಲ್ಲಿ ಮರಳಿನ ದಿಣ್ಣೆ ಅಡ್ಡ ಕೂತಿರುತ್ತದೆ. ನೀರು ಏರುವಾಗ ಹರಿವೂ ಕಡಲ ಅಲೆಯೂ ಒಂದೇ ದಿಕ್ಕಿಗೆ ಹೋಗುತ್ತವೆ, ಅಲೆ ಉದ್ದವಾಗಿ, ಚಪ್ಪಟೆಯಾಗಿ ಒಳಗೆ ಸರಿಯುತ್ತದೆ. ಇಳಿತದಲ್ಲಿ ಹೊಳೆಯ ನೀರೆಲ್ಲ ಆ ಕಿರಿದಾದ ಬಾಯಿಂದ ಹೊರಗೆ ನುಗ್ಗುತ್ತದೆ, ಎದುರಿಗೆ ಬರುವ ಅಲೆಯನ್ನು ತಡೆದು ನಿಲ್ಲಿಸುತ್ತದೆ. ತಡೆದ ಅಲೆ ಕುಗ್ಗಿ ಎತ್ತರವಾಗಿ ದಿಣ್ಣೆಯ ಮೇಲೇ ಒಡೆಯುತ್ತದೆ. ಹೊರಗೆ ಎರಡಡಿ ಇದ್ದ ಅಲೆ ಬಾಯಲ್ಲಿ ಐದಡಿಯ ಗೋಡೆಯಾಗಿರುತ್ತದೆ. ಈ ಕರಾವಳಿಯಲ್ಲಿ ದೋಣಿ ಮಗುಚುವ ಸುದ್ದಿ ಹೆಚ್ಚಾಗಿ ಬರುವುದು ನಡುಗಡಲಿನಿಂದ ಅಲ್ಲ, ದಕ್ಕೆ ಕಣ್ಣಿಗೆ ಕಾಣುವ ಜಾಗದಿಂದ.

ಅಂದಮೇಲೆ ಹೊರಡುವಾಗಲೂ ತಲುಪುವಾಗಲೂ ನೀರು ಏರುತ್ತಿರಬೇಕು, ಅಥವಾ ಏರಿ ನಿಂತಿರಬೇಕು. ಎರಡೂ ಬೆಳಗಿನ ಹೊತ್ತಿನಲ್ಲೇ ಆಗಬೇಕು. ಇಲ್ಲಿ ಪಂಚಾಂಗ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ದಿನ ಈ ಭಾಗದಲ್ಲಿ ಹಗಲಿನ ಭರತ, ಅಂದರೆ ನೀರು ಪೂರ್ತಿ ಏರಿ ನಿಲ್ಲುವ ಹೊತ್ತು, ಹನ್ನೊಂದರ ಆಸುಪಾಸು ಬರುತ್ತದೆ. ದಿನಕ್ಕೆ ಸುಮಾರು 50 ನಿಮಿಷ ಹಿಂದೆ ಹೋಗುತ್ತಾ ಎಣಿಸಿದರೆ ದಶಮಿಗೆ ಅದು ಏಳರ ಸುಮಾರಿಗೆ ಬಂದು ನಿಲ್ಲುತ್ತದೆ. ಹಾಗಾಗಿ ದಶಮಿಗೆ ಮಂಗಳೂರು ಬಿಟ್ಟರೆ ಏಕಾದಶಿ, ದ್ವಾದಶಿ, ತ್ರಯೋದಶಿಗಳಲ್ಲಿ ಭರತ ಎಂಟು, ಒಂಬತ್ತು, ಒಂಬತ್ತೂವರೆಗೆ ಸರಿಯುತ್ತಾ ಹೋಗುತ್ತದೆ. ಕಷ್ಟದ ಅಳಿವೆಗಳು ಕೊನೆಗೆ ಇರುವುದರಿಂದ ಅವುಗಳಿಗೆ ಒಳ್ಳೆಯ ಹೊತ್ತೇ ಸಿಗುತ್ತದೆ. ಆದರೆ ಮೊದಲ ದಿನ ಮಲ್ಪೆ ಮುಟ್ಟುವಾಗ ನೀರು ಇಳಿಯತೊಡಗಿರುತ್ತದೆ. ಮಲ್ಪೆಯ ಮುಂದೆ ದ್ವೀಪಗಳ ಆಸರೆ ಇರುವುದರಿಂದ ಅಲ್ಲಿ ಅಷ್ಟು ಸಡಿಲ ಕೊಡಬಹುದು. ದಶಮಿಯ ಸುತ್ತ ಏರಿಳಿತದ ಅಂತರವೂ ಕಡಿಮೆ. ನೀರು ಹೆಚ್ಚು ಏರುವುದಿಲ್ಲ ಎಂಬುದು ಎರಡಡಿ ನೀರಿನಲ್ಲಿ ತೇಲುವ ದೋಣಿಗೆ ತೊಂದರೆಯಲ್ಲ, ಸೆಳೆತ ಜೋರಿರುವುದಿಲ್ಲ ಎಂಬುದು ಲಾಭ. ತಿಥಿ ಅಂದಾಜಿಗೆ ಮಾತ್ರ. ಹೊರಡುವ ಹಿಂದಿನ ದಿನ ಆಯಾ ಬಂದರಿನ ಭರತ-ಇಳಿತದ ಪಟ್ಟಿ ನೋಡಿಕೊಂಡೇ ಗಂಟೆ ನಿಗದಿ ಮಾಡಬೇಕು.

ಸಿದ್ಧತೆಯ ಅರ್ಧ ಕೆಲಸ ನಡೆದದ್ದು ತುಮಕೂರಿನಲ್ಲೇ, ಅಂತರಸನಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ. ಅಲ್ಲಿ ಬೋರ್‌ವೆಲ್ ಕ್ಲ್ಯಾಂಪು, ಪಂಪಿನ ಶಾಫ್ಟು ಮಾಡುವ ಕೈಗಳಿಗೆ ಔಟ್‌ಬೋರ್ಡ್ ಬ್ರಾಕೆಟ್ ದೊಡ್ಡ ಕೆಲಸವಲ್ಲ. ತಕರಾರು ಬರುವುದು ಲೋಹದಲ್ಲಿ. ನಮ್ಮ ಕಡೆ ಅಂಗಡಿಯಲ್ಲಿ ‘ಎಸ್‌ಎಸ್’ ಎಂದು ಕೊಡುವ ಬೋಲ್ಟು ಬಹಳ ಸಲ 202 ದರ್ಜೆಯದು, ಚೆನ್ನಾಗಿದ್ದರೆ 304. ಬೋರ್‌ವೆಲ್ ನೀರಿಗೆ ಅದು ಸಾಕು. ಉಪ್ಪುನೀರಿನಲ್ಲಿ 304 ಕೂಡ ಚುಕ್ಕೆ ಚುಕ್ಕೆಯಾಗಿ ತಿನ್ನಿಸಿಕೊಳ್ಳುತ್ತದೆ. ಬೇಕಾದದ್ದು 316. ಅದರಲ್ಲಿ ಶೇ 2ರಿಂದ 3ರಷ್ಟು ಮಾಲಿಬ್ಡಿನಂ ಇರುತ್ತದೆ, ಉಪ್ಪನ್ನು ತಡೆಯುವುದು ಅದೇ. ಅಯಸ್ಕಾಂತ ಹಿಡಿದು ನೋಡಿದರೆ 304ಕ್ಕೂ 316ಕ್ಕೂ ವ್ಯತ್ಯಾಸ ಗೊತ್ತಾಗದು. ಟೆಸ್ಟ್ ಸರ್ಟಿಫಿಕೇಟ್ ಕೇಳಿ ತರಬೇಕು, ಇಲ್ಲದಿದ್ದರೆ ಮಾಲಿಬ್ಡಿನಂ ಪತ್ತೆ ಹಚ್ಚುವ ದ್ರಾವಣದ ಒಂದು ಹನಿ ಹಾಕಿ ನೋಡಬೇಕು.

ಹಳೇ ಫೈಬರ್ ದೋಣಿ ಕೊಳ್ಳುವವರು ಎಂಜಿನ್ನಿಗಿಂತ ಮೊದಲು ಎಂಜಿನ್ ಕೂರುವ ಹಿಂಬದಿಯ ಹಲಗೆಯನ್ನು ನೋಡಬೇಕು. ಹೊರಗೆ ಫೈಬರ್ ಕಂಡರೂ ಒಳಗಿರುವುದು ಪ್ಲೈವುಡ್. ಹಳೆಯ ಬೋಲ್ಟಿನ ತೂತಿನಿಂದ ನೀರಿಳಿದು ಅದು ಕೊಳೆತಿರುತ್ತದೆ. ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಹೋದರೆ ಗಟ್ಟಿ ಜಾಗದಲ್ಲಿ ಟಣ್ ಎನ್ನುತ್ತದೆ, ಕೊಳೆತಲ್ಲಿ ದಬ್ ಎನ್ನುತ್ತದೆ. ಎಂಜಿನ್ನಿನ ತಲೆ ಹಿಡಿದು ಹಿಂದಕ್ಕೂ ಮುಂದಕ್ಕೂ ಅಲುಗಿಸಿದಾಗ ಹಲಗೆ ಮಿಸುಕಿದರೆ ಆ ದೋಣಿಯನ್ನು ಕಡಲಿಗೆ ಇಳಿಸಬೇಡಿ. ಹೊಸ ಬೋಲ್ಟು ಹಾಕುವಾಗ ತೂತಿನ ಸುತ್ತ ಪಾಲಿಯುರೆಥೇನ್ ಸೀಲಂಟು ತುಂಬಿಸಿ. ಸಿಲಿಕಾನ್ ಬೇಡ, ನೀರಿನಡಿ ಅದು ಹಿಡಿದು ನಿಲ್ಲುವುದಿಲ್ಲ. ಎಂಜಿನ್ ಕೂರಿಸಿದ ಮೇಲೆ ಪ್ರೊಪೆಲ್ಲರಿನ ಮೇಲಿರುವ ಅಡ್ಡ ಪ್ಲೇಟು ದೋಣಿಯ ತಳದ ಸಮಕ್ಕೆ, ಇಲ್ಲವೇ ಒಂದಿಂಚು ಕೆಳಗೆ ಬರಬೇಕು. ಮೇಲಿದ್ದರೆ ಅಲೆಯಲ್ಲಿ ಪ್ರೊಪೆಲ್ಲರು ಗಾಳಿ ಎಳೆದುಕೊಂಡು ಸುಮ್ಮನೆ ತಿರುಗುತ್ತದೆ, ಅದೂ ಅಳಿವೆಯ ಬಾಯಲ್ಲೇ.

ಪೆಟ್ರೋಲಿನದು ಈಗ ಹೊಸ ತಲೆನೋವು. ಬಂಕಿನಲ್ಲಿ ಸಿಗುವುದು ಎಥೆನಾಲ್ ಬೆರೆತದ್ದು. ಎಥೆನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಕರಾವಳಿಯ ಗಾಳಿಯಲ್ಲಿ ಅರ್ಧ ತುಂಬಿದ ಟ್ಯಾಂಕನ್ನು ಮೂರು ನಾಲ್ಕು ವಾರ ಬಿಟ್ಟರೆ ನೀರು ಮತ್ತು ಎಥೆನಾಲ್ ಕೂಡಿ ತಳಕ್ಕೆ ಇಳಿಯಬಹುದು. ಎಂಜಿನ್ ಮೊದಲು ಎಳೆದುಕೊಳ್ಳುವುದು ತಳದ್ದನ್ನೇ. ಹಾಗಾಗಿ ಟ್ಯಾಂಕಿಗೂ ಎಂಜಿನ್ನಿಗೂ ನಡುವೆ ನೀರು ಬೇರ್ಪಡಿಸುವ 10 ಮೈಕ್ರಾನ್ ಫಿಲ್ಟರ್ ಇರಲೇಬೇಕು, ಕೆಳಗೆ ಪಾರದರ್ಶಕ ಬಟ್ಟಲು ಇರುವಂಥದ್ದು. ಪ್ರತಿ ಬೆಳಿಗ್ಗೆ ಬಟ್ಟಲಿಗೆ ಟಾರ್ಚು ಹಾಕಿ ನೋಡಿದರೆ ತಳದಲ್ಲಿ ನೀರಿನ ಗೆರೆ ಬೇರೆಯಾಗಿ ಕಾಣುತ್ತದೆ. ಸ್ಕ್ರೂ ಸಡಿಲಿಸಿ ಅದನ್ನು ಬಸಿದು ಬಿಡಬೇಕು. ಹಳೇ ರಬ್ಬರ್ ಪೈಪನ್ನೂ, ಕೈಯಲ್ಲಿ ಹಿಸುಕುವ ಪ್ರೈಮರ್ ಬಲ್ಬನ್ನೂ ಬದಲಾಯಿಸಿಯೇ ಹೊರಡುವುದು ಒಳ್ಳೆಯದು.

ಎಷ್ಟು ಪೆಟ್ರೋಲು? ನಾಲ್ಕು ಜನ, ಸಾಮಾನು ಹೇರಿದ ಈ ದೋಣಿ 12 ನಾಟಿನಲ್ಲಿ ಗಂಟೆಗೆ ಸುಮಾರು 9 ಲೀಟರ್ ಕುಡಿಯುತ್ತದೆ. ಉದ್ದನೆಯ ಹಂತ ಮಂಗಳೂರು-ಮಲ್ಪೆ, 30 ಮೈಲಿ, ಎರಡೂವರೆ ಗಂಟೆ, 23 ಲೀಟರ್. ಆದರೆ ಹೇರಬೇಕಾದದ್ದು 25 ಲೀಟರಿನ ಮೂರು ಟ್ಯಾಂಕು. ಒಂದು ಹೋಗುವುದಕ್ಕೆ, ಒಂದು ಅಳಿವೆ ಕೆಟ್ಟಿದ್ದರೆ ವಾಪಸ್ ಬರುವುದಕ್ಕೆ, ಒಂದು ಲೆಕ್ಕಕ್ಕೆ ಸಿಗದ ಗಾಳಿಗೆ. ಬಂದರಿನಲ್ಲಿ ಡೀಸೆಲ್ಲು, ಐಸು ಬೇಕಾದಷ್ಟು ಸಿಗುತ್ತವೆ, ಎಲ್ಲ ಟ್ರಾಲರುಗಳಿಗಾಗಿ. ಪೆಟ್ರೋಲಿಗೆ ಆಟೋ ಮಾಡಿಕೊಂಡು ಪೇಟೆಯ ಇಲ್ಲವೇ ಹೆದ್ದಾರಿಯ ಬಂಕಿಗೇ ಹೋಗಬೇಕು. ಮನೆಯ ಪ್ಲಾಸ್ಟಿಕ್ ಕ್ಯಾನಿಗೆ ಬಂಕಿನವರು ಹಾಕಿಕೊಡುವುದಿಲ್ಲ, ಔಟ್‌ಬೋರ್ಡ್ ಟ್ಯಾಂಕನ್ನೇ ಒಯ್ಯಬೇಕು. ತುಂಬಿಸುವಾಗ ಟ್ಯಾಂಕನ್ನು ಆಟೋದಿಂದ ಇಳಿಸಿ ನೆಲದ ಮೇಲಿಡಿ. ಸೀಟಿನ ಮೇಲಿಟ್ಟು ತುಂಬಿಸಿದರೆ ಸ್ಥಿರ ವಿದ್ಯುತ್ತಿನ ಕಿಡಿ ಹಾರುವ ಅಪಾಯವಿದೆ.

ಲಂಗರಿಗೆ 8 ಮಿ.ಮೀ. ಸರಪಳಿ ಮೂರು ಮೀಟರ್, ಅದಕ್ಕೆ 12 ಮಿ.ಮೀ. ನೈಲಾನ್ ಹಗ್ಗ 50 ಮೀಟರ್. ನೀರಿನ ಆಳದ ಐದರಿಂದ ಏಳು ಪಟ್ಟು ಹಗ್ಗ ಬಿಟ್ಟರಷ್ಟೇ ಲಂಗರು ಮರಳಲ್ಲಿ ಕಚ್ಚುತ್ತದೆ. ನೇರ ಕೆಳಗೆ ಇಳಿಬಿಟ್ಟರೆ ಎಳೆದುಕೊಂಡು ಹೋಗುತ್ತದೆ. ತಿಪಟೂರು ಕಡೆಯ ತೆಂಗಿನ ನಾರಿನ ಹಗ್ಗವನ್ನು ಸುರುಳಿ ಸುತ್ತಿ ದೋಣಿಯ ಬದಿಗೆ ನೇತುಹಾಕಿದರೆ ದಕ್ಕೆಯ ಸಿಮೆಂಟಿಗೂ ಟ್ರಾಲರಿನ ಮೈಗೂ ಉಜ್ಜದಂತೆ ಚೆನ್ನಾಗಿ ತಡೆಯುತ್ತದೆ. ಲಂಗರಿಗೆ ಮಾತ್ರ ಅದು ಬೇಡ, ನೈಲಾನಿನ ಬಲ ಅದಕ್ಕಿಲ್ಲ. ಇವಲ್ಲದೆ 9.9 ಎಚ್‌ಪಿಯ ಸಣ್ಣ ಎಂಜಿನ್, 12 ವೋಲ್ಟಿನ ನೀರೆತ್ತುವ ಪಂಪು, ಅದು ಕೈಕೊಟ್ಟರೆ ಎಂದು ಎರಡು ಬಕೆಟ್ಟು, ತಲೆಗೊಂದು ಲೈಫ್ ಜಾಕೆಟ್, ಕೈಯಲ್ಲಿ ಹಿಡಿಯುವ ವಿಎಚ್‌ಎಫ್ ರೇಡಿಯೊ, ಹಲ್ಲಿರುವ ಚಾಕು. ರೇಡಿಯೊ ಸದಾ 16ನೇ ಚಾನೆಲ್ಲಿನಲ್ಲಿರಲಿ. ಕೋಸ್ಟ್ ಗಾರ್ಡಿನ 1554, ಕರಾವಳಿ ಕಾವಲು ಪೊಲೀಸರ 1093 ಎರಡೂ ಎಲ್ಲರ ಫೋನಿನಲ್ಲೂ ಇರಬೇಕು. ತೀರದಿಂದ ಮೂರು ನಾಲ್ಕು ಕಿಲೋಮೀಟರ್ ಒಳಗೆ ಬಹುಪಾಲು ಕಡೆ ಸಿಗ್ನಲ್ ಸಿಗುತ್ತದೆ.

ನೋಂದಣಿ, ಸರ್ವೆ, ವಿಮೆಯ ಕಾಗದ, ಎಲ್ಲರ ಗುರುತಿನ ಚೀಟಿ ನೀರು ಹೋಗದ ಚೀಲದಲ್ಲಿರಲಿ. ಮಲ್ಪೆ, ಗಂಗೊಳ್ಳಿ, ಭಟ್ಕಳ, ಹೊನ್ನಾವರ ಎಲ್ಲ ಕಡೆ ಕರಾವಳಿ ಕಾವಲು ಪೊಲೀಸ್ ಠಾಣೆಗಳಿವೆ. ಮೀನಿನ ದೋಣಿಗಳ ನಡುವೆ ಬಲೆಯಿಲ್ಲದ ದೋಣಿ ಬಂದರೆ ಅವರು ಕೇಳುವುದು ಸಹಜ. ಹೊರಡುವ ಮೊದಲೇ ಮುಂದಿನ ಠಾಣೆಗೆ ಫೋನ್ ಮಾಡಿ ದೋಣಿಯ ನಂಬರು, ಜನರ ಸಂಖ್ಯೆ, ಮುಟ್ಟುವ ಗಂಟೆ ಹೇಳಿಟ್ಟರೆ ಇಬ್ಬರಿಗೂ ಹಿತ. ದೋಣಿ ಹೊತ್ತಿಗೆ ಸರಿಯಾಗಿ ಬಾರದಿದ್ದರೆ ಗಮನಿಸುವವರು ಒಬ್ಬರಾದರೂ ಇದ್ದಂತಾಗುತ್ತದೆ.

ಎಂಜಿನ್ ಪಳಗಿಸುವ ಮೊದಲ ಎರಡು ಗಂಟೆಯನ್ನು ಹಿಂದಿನ ದಿನ ಮಂಗಳೂರಿನ ಹೊಳೆಯೊಳಗೇ ಮುಗಿಸಬೇಕು. ಮೊದಲ ಗಂಟೆ 2000 ಆರ್‌ಪಿಎಂ ಮೀರಬಾರದು. ಎರಡನೆಯ ಗಂಟೆ 3000ದವರೆಗೆ ಹೋಗಬಹುದು. ಉಳಿದ ಎಂಟು ಗಂಟೆಯಲ್ಲಿ ಪೂರ್ತಿ ಥ್ರಾಟಲ್ಲನ್ನು ಒಂದೇ ಸಮನೆ ಐದು ನಿಮಿಷಕ್ಕಿಂತ ಹೆಚ್ಚು ಹಿಡಿಯಬಾರದು, ಒಂದೇ ವೇಗದಲ್ಲೂ ಗಂಟೆಗಟ್ಟಲೆ ಓಡಿಸಬಾರದು. ಆಗಾಗ ಏರಿಸಿ ಇಳಿಸಿದರೆ ಪಿಸ್ಟನ್ ರಿಂಗುಗಳು ಸಿಲಿಂಡರಿಗೆ ಸರಿಯಾಗಿ ಕೂರುತ್ತವೆ. ಗುರುಪುರ ಹೊಳೆಯಲ್ಲಿ ಹಳೇ ಬಂದರಿನಿಂದ ಮೇಲಕ್ಕೂ ಕೆಳಕ್ಕೂ ಓಡಿಸುವಾಗಲೇ ಸೋರಿಕೆ, ಸಡಿಲ ಬೋಲ್ಟು, ಬ್ಯಾಟರಿ ತುದಿಯ ಕಿಲುಬು ಎಲ್ಲ ಗೊತ್ತಾಗಿಬಿಡುತ್ತವೆ. ಹೊಳೆಯಲ್ಲಿ ಕೆಟ್ಟ ಎಂಜಿನ್ನನ್ನು ಲಂಗರು ಹಾಕಿ ರಿಪೇರಿ ಮಾಡಬಹುದು.

ಗುರುಪುರ, ನೇತ್ರಾವತಿ ಎರಡೂ ಒಂದೇ ಬಾಯಿಂದ ಕಡಲು ಸೇರುತ್ತವೆ, ಉತ್ತರಕ್ಕೆ ಬೆಂಗ್ರೆ, ದಕ್ಷಿಣಕ್ಕೆ ಉಳ್ಳಾಲ. ಮುಂಜಾನೆ ಹಳೇ ಬಂದರಿನ ದಕ್ಕೆಯಿಂದ ಹೊರಟ ಮೀನಿನ ದೋಣಿಗಳ ಹಿಂದೆ ನೂರು ಮೀಟರ್ ಅಂತರ ಇಟ್ಟುಕೊಂಡು ಹೋದರೆ ಆಳದ ದಾರಿ ತಾನಾಗಿ ಸಿಗುತ್ತದೆ. ಹೊರಗೆ ಬಂದ ಮೇಲೆ ಉತ್ತರಕ್ಕೆ ತಿರುಗುವ ಆತುರ ಬೇಡ. ಎರಡು ಮೈಲಿ ಹೊರಗೆ ಸರಿದು, ಆಳ 10 ಮೀಟರಿಗಿಂತ ಕಡಿಮೆಯಾಗದಂತೆ ನೋಡಿಕೊಂಡು ಆಮೇಲೆ ತಿರುಗಬೇಕು. ಸ್ವಲ್ಪದರಲ್ಲೇ ಪಣಂಬೂರಿನ ನವಮಂಗಳೂರು ಬಂದರಿಗೆ ಹೋಗುವ ಹಡಗಿನ ದಾರಿ ಅಡ್ಡ ಬರುತ್ತದೆ. ಅದನ್ನು ಓರೆಯಾಗಿ ದಾಟದೆ ನೇರ ಅಡ್ಡಕ್ಕೆ, ಬೇಗನೆ, ಹಡಗು ಬರುತ್ತಿದ್ದರೆ ಅದರ ಹಿಂದಿನಿಂದ ದಾಟಬೇಕು. ನಿಧಾನ ಹೋಗುತ್ತಿರುವಂತೆ ಕಾಣುವ ಹಡಗಿನ ವೇಗ ನಮ್ಮ ದೋಣಿಯದ್ದಕ್ಕಿಂತ ಕಡಿಮೆಯೇನಿರುವುದಿಲ್ಲ.

ಸುರತ್ಕಲ್ಲಿನ ದೀಪಸ್ತಂಭ, ಎಲ್ಲೂರಿನ ವಿದ್ಯುತ್ ಸ್ಥಾವರದ ಚಿಮಣಿ, 1901ರ ಕಾಪು ದೀಪಸ್ತಂಭ ಒಂದಾದ ಮೇಲೊಂದು ಬಲಕ್ಕೆ ಕಾಣುತ್ತವೆ. ಕಾಪುವಿನ ಮುಂದೆ ಬಂಡೆಗಳಿವೆ, ಫೋಟೋಗಾಗಿ ಹತ್ತಿರ ಹೋಗುವುದು ಬೇಡ. ಈ ಹಂತದಲ್ಲಿ ಕಣ್ಣಿಡಬೇಕಾದದ್ದು ಎಂಜಿನ್ನಿನ ಪಕ್ಕದಿಂದ ಚಿಮ್ಮುವ ತಂಪಿನ ನೀರಿನ ಎಳೆಯ ಮೇಲೆ. ಹೊಳೆಬಾಯಿಗಳ ಮುಂದೆ ತೇಲುವ ಪ್ಲಾಸ್ಟಿಕ್ ಚೀಲ ಕೆಳಗಿನ ಜಾಲರಿಗೆ ಅಂಟಿದರೆ ಎಳೆ ತೆಳ್ಳಗಾಗುತ್ತದೆ, ಆಮೇಲೆ ನಿಲ್ಲುತ್ತದೆ, ಆಮೇಲೆ ಅಲಾರಂ ಕೂಗುತ್ತದೆ. ಮುಲ್ಕಿಯ ಎದುರು ನಮಗೆ ಸಿಕ್ಕಿದ್ದು ಹಾಲಿನ ಪ್ಯಾಕೆಟ್ಟಿನ ತುಂಡು. ಎಂಜಿನ್ ನಿಲ್ಲಿಸಿ, ಮೇಲಕ್ಕೆ ವಾಲಿಸಿ, ಜಾಲರಿಯಿಂದ ಕಿತ್ತು, ಮತ್ತೆ ಚಾಲೂ ಮಾಡಿ ನೀರು ಚಿಮ್ಮುವುದನ್ನು ನೋಡಿಕೊಂಡೇ ಮುಂದೆ ಹೋಗಬೇಕು. ಜಾಲರಿ ಸ್ವಚ್ಛವಿದ್ದೂ ಎಳೆ ಬಾರದಿದ್ದರೆ ಚಿಮ್ಮುವ ತೂತಿಗೇ ಮರಳು ಕಟ್ಟಿರಬಹುದು. ದಪ್ಪ ನೈಲಾನ್ ಗಾಳದ ದಾರ ತೂರಿಸಿದರೆ ಬಿಡುತ್ತದೆ. ಆಗಲೂ ಬರಲಿಲ್ಲವೆಂದರೆ ಒಳಗಿನ ರಬ್ಬರ್ ಇಂಪೆಲ್ಲರು ಹೋಗಿದೆ ಎಂದರ್ಥ. ಅದನ್ನು ನೀರಿನ ಮೇಲೆ ಬದಲಾಯಿಸಲು ಕೂರಬೇಡಿ, ಸಣ್ಣ ಎಂಜಿನ್ ಇಳಿಸಿ ದಕ್ಕೆಗೆ ಹೋಗಿ.

ಮಲ್ಪೆ ಸುಲಭ. ಸೇಂಟ್ ಮೇರೀಸ್ ದ್ವೀಪಗಳ ನಡುವೆ ನುಸುಳದೆ, ಟ್ರಾಲರುಗಳು ಹೋಗುವ ಸಾಲಿನಲ್ಲೇ ಒಳಗೆ ಬರಬೇಕು, ನೀರಿನಡಿಯ ಬಂಡೆಗಳು ಇರುವುದು ಆ ದ್ವೀಪಗಳ ಸುತ್ತಲೇ. ಕಷ್ಟವೆಂದರೆ ಜಾಗ. ಬಂದರು ದೋಣಿಗಳಿಂದ ಕಿಕ್ಕಿರಿದಿರುತ್ತದೆ. ಖಾಲಿ ಕಂಡಿತೆಂದು ಎರಡು ಟ್ರಾಲರುಗಳ ನಡುವೆ ಕಟ್ಟಿದರೆ ಬೆಳಗಿನ ಜಾವ ಮೂರಕ್ಕೆ ಅವು ಹೊರಡುತ್ತವೆ, ನಿಮ್ಮ ಹಗ್ಗ ಬಿಚ್ಚಿ ಎಲ್ಲಾದರೂ ಸಿಕ್ಕಿಸಿ ಹೋಗುತ್ತವೆ. ‘ಅಣ್ಣಾ, ನಾಳೆ ನಿಮ್ಮ ಬೋಟು ಹೋಗ್ತದಾ?’ ಅಂತ ಮೊದಲೇ ಕೇಳಿ, ರಿಪೇರಿಗೆ ನಿಂತ ದೋಣಿಯ ಪಕ್ಕ ಕಟ್ಟುವುದು ಜಾಣತನ. ದಕ್ಕೆಯ ಗೂಟಕ್ಕೇ ಕಟ್ಟುವುದಾದರೆ ಹಗ್ಗಕ್ಕೆ ಸಡಿಲ ಕೊಡಬೇಕು. ರಾತ್ರಿ ನೀರು ಮೀಟರಿನಷ್ಟು ಇಳಿಯುತ್ತದೆ, ಬಿಗಿಯಾಗಿ ಕಟ್ಟಿದ ಸಣ್ಣ ದೋಣಿ ಹಗ್ಗಕ್ಕೆ ನೇತಾಡುತ್ತದೆ.

ಮಲ್ಪೆಯಿಂದ ಗಂಗೊಳ್ಳಿ 17 ಮೈಲಿ, ಒಂದೂವರೆ ಗಂಟೆ. ಹಾಗಾಗಿ ಹೊರಡುವ ಹೊತ್ತನ್ನು ಆ ಕಡೆಯ ಭರತಕ್ಕೆ ಸರಿಹೊಂದಿಸಿಕೊಳ್ಳಬಹುದು. ಈ ಭಾಗದಲ್ಲಿ ಎದುರಾಗುವುದು ಬಲೆ. ಕೋಡಿಬೆಂಗ್ರೆಯ ಅಳಿವೆಯ ಮುಂದೆ ಇಳಿಬಿಟ್ಟ ಬಲೆಗಳ ಗುರುತು ಎಂದರೆ ಒಂದು ತುಂಡು ಥರ್ಮಾಕೋಲ್, ಇಲ್ಲವೇ ಕೋಲಿಗೆ ಕಟ್ಟಿದ ಕಪ್ಪು ಬಟ್ಟೆ. ಎದುರು ಬಿಸಿಲಿನಲ್ಲಿ ಕಾಣುವುದೇ ಇಲ್ಲ. ಮುಂದೆ ಒಬ್ಬರು ನಿಂತು ನೋಡುತ್ತಲೇ ಇರಬೇಕು. ಸಿಕ್ಕಿಕೊಂಡರೆ ಮೊದಲು ಎಂಜಿನ್ ನಿಲ್ಲಿಸಿ, ಕಿಲ್ ಸ್ವಿಚ್ಚಿನ (ದಾರ ಕಿತ್ತರೆ ಎಂಜಿನ್ ನಿಲ್ಲಿಸುವ ಸ್ವಿಚ್ಚು) ದಾರ ಕಿತ್ತು ಜೇಬಿಗೆ ಹಾಕಿ. ಆಮೇಲೆ ನ್ಯೂಟ್ರಲ್ಲಿನಲ್ಲಿಟ್ಟು, ಮೇಲಕ್ಕೆತ್ತಿ, ಪ್ರೊಪೆಲ್ಲರನ್ನು ಕೈಯಲ್ಲಿ ಹಿಂದಕ್ಕೆ ತಿರುಗಿಸುತ್ತಾ ಬಿಡಿಸಿ. ಚಾಕು ಕೊನೆಗೆ. ಅದು ಒಬ್ಬರ ಅನ್ನದ ಬಲೆ, ಕತ್ತರಿಸಲೇಬೇಕಾದರೆ ಒಂದೆರಡು ಕಣ್ಣು ಮಾತ್ರ. ಬಿಡಿಸಿದೆವಲ್ಲ ಎಂದು ಅಲ್ಲಿಗೇ ಬಿಡಬಾರದು. ತೆಳ್ಳನೆ ನೈಲಾನ್ ಎಳೆ ಪ್ರೊಪೆಲ್ಲರಿನ ಹಿಂದೆ ಶಾಫ್ಟಿಗೆ ಸುತ್ತಿಕೊಂಡು ಎಣ್ಣೆಯ ಸೀಲನ್ನು ಕುಯ್ಯುತ್ತದೆ. ದಕ್ಕೆ ಮುಟ್ಟಿದ ಮೇಲೆ ಕಾಟರ್ ಪಿನ್ ಕಿತ್ತು, ನಟ್ಟು ಬಿಚ್ಚಿ, ಪ್ರೊಪೆಲ್ಲರನ್ನು ಹೊರತೆಗೆದು ನೋಡಲೇಬೇಕು. ಕಾಟರ್ ಪಿನ್ನನ್ನು ಎರಡನೇ ಸಲ ಬಳಸಬೇಡಿ, ಹೊಸವು ನಾಲ್ಕಾರು ಜೊತೆಗಿರಲಿ.

ಗಂಗೊಳ್ಳಿಯಲ್ಲಿ ಸೌಪರ್ಣಿಕಾ, ವಾರಾಹಿ, ಚಕ್ರಾ, ಕೇದಕ, ಕುಬ್ಜಾ ಐದೂ ಹೊಳೆಗಳ ನೀರು ಒಂದೇ ಬಾಯಿಂದ ಹೊರಬೀಳುತ್ತದೆ. ಇಲ್ಲಿ ಇಳಿತ ಎಂದರೆ ಸಣ್ಣ ಇಳಿತವಲ್ಲ. ತಡೆಗೋಡೆಗಳಿದ್ದರೂ ಹೂಳು ತುಂಬುತ್ತಲೇ ಇರುತ್ತದೆ, ಹಾಗಾಗಿ ಹಿಂದಿನ ವರ್ಷದ ಜಿಪಿಎಸ್ ದಾರಿಯನ್ನು ನಂಬಿ ಒಳಗೆ ನುಗ್ಗಬಾರದು. ಬಾಯಿಯ ಹೊರಗೆ, ಅಲೆ ಒಡೆಯದ ಜಾಗದಲ್ಲಿ ನಿಂತು ಹತ್ತು ಹದಿನೈದು ನಿಮಿಷ ಬರೀ ನೋಡಬೇಕು. ಅಲೆಗಳು ಗುಂಪಾಗಿ ಬರುತ್ತವೆ. ಮೂರೋ ನಾಲ್ಕೋ ದೊಡ್ಡವು, ಆಮೇಲೆ ಸ್ವಲ್ಪ ಹೊತ್ತು ಸಣ್ಣವು. ಬಿಳಿ ನೊರೆ ಎಲ್ಲಿ ಏಳುತ್ತದೋ ಅಲ್ಲಿ ದಿಣ್ಣೆ, ನೀರು ಕಪ್ಪಾಗಿ ಏಳದೆ ಹೋಗುವಲ್ಲಿ ದಾರಿ. ಅಲ್ಲೇ ಲಂಗರು ಹಾಕಿ ಕೂತಿದ್ದ ನಾಡದೋಣಿಯ ತಾಂಡೇಲರು (ದೋಣಿ ನಡೆಸುವ ಮುಖ್ಯಸ್ಥರು) ನಾವು ಕೇಳುವ ಮೊದಲೇ ಕೈ ಅಡ್ಡ ಆಡಿಸಿದರು: ‘ಈಗ ಬ್ಯಾಡ ಮಾರ್ರೆ, ನೀರ್ ಏರ್ಲಿ.’ ಇಂಥ ಮಾತನ್ನು ಯಾವ ಮುನ್ಸೂಚನೆಗಿಂತಲೂ ಮೇಲಿನದೆಂದು ತಿಳಿಯಬೇಕು. ಮುಕ್ಕಾಲು ಗಂಟೆ ಕಾದ ಮೇಲೆ ಅದೇ ಬಾಯಿ ಬೇರೆಯೇ ಆಗಿರುತ್ತದೆ.

ಒಳಗೆ ಹೋಗುವ ಮೊದಲು ಎಲ್ಲರಿಗೂ ಲೈಫ್ ಜಾಕೆಟ್, ಎಲ್ಲರೂ ನಡುವೆ ಕೆಳಗೆ ಕೂರಬೇಕು, ಸಡಿಲ ಹಗ್ಗವೆಲ್ಲ ಒಳಗೆ, ಕಿಲ್ ಸ್ವಿಚ್ಚಿನ ದಾರ ಮಣಿಕಟ್ಟಿಗೆ. ಸಣ್ಣ ಎಂಜಿನ್ ಮೊದಲೇ ಬಿಸಿಯಾಗಿ ಸಿದ್ಧವಿರಲಿ, ಲಂಗರು ಕೈಗೆಟುಕುವಂತೆ ಇರಲಿ. ದೊಡ್ಡ ಎಂಜಿನ್ನಿನ ಟ್ರಿಮ್, ಅಂದರೆ ವಾಲಿಕೆ, ಸ್ವಲ್ಪ ಹೊರಕ್ಕೆ ಕೊಟ್ಟರೆ ಮೂತಿ ಮೇಲೇಳುತ್ತದೆ. ಗುಂಪಿನ ಕೊನೆಯ ದೊಡ್ಡ ಅಲೆ ದೋಣಿಯ ಅಡಿ ದಾಟಿದ ತಕ್ಷಣ ಅದರ ಬೆನ್ನಿನ ಮೇಲೆ ಕೂತು, ಅದರದೇ ವೇಗದಲ್ಲಿ ಒಳಗೆ ಹೋಗಬೇಕು. ಅದನ್ನು ದಾಟಿ ಮುಂದೆ ಹಾರಿದರೆ ಮೂತಿ ಮುಂದಿನ ತಗ್ಗಿಗೆ ಹೂತು ದೋಣಿ ಅಡ್ಡ ತಿರುಗುತ್ತದೆ. ಹೆದರಿ ಥ್ರಾಟಲ್ ಬಿಟ್ಟರೆ ಹಿಂದಿನ ಅಲೆ ಬಂದು ಹಿಂಬದಿಯಿಂದ ತುಂಬಿಕೊಳ್ಳುತ್ತದೆ. ಅರ್ಧ ದಾರಿಯಲ್ಲಿ ಮನಸ್ಸು ಬದಲಿಸಿ ತಿರುಗುವುದು ಎಲ್ಲಕ್ಕಿಂತ ಕೆಟ್ಟದ್ದು. ಬೆಳಿಗ್ಗೆ ಹೊರಗೆ ಹೋಗುವಾಗ ಇದು ತಿರುಗುಮುರುಗು. ಅಲೆಗಳ ನಡುವೆ ವೇಗ ಕೊಟ್ಟು, ನೆತ್ತಿ ಹತ್ತುವ ಹೊತ್ತಿಗೆ ಸಡಿಲ ಬಿಡಬೇಕು. ಟ್ರ್ಯಾಕ್ಟರನ್ನು ಗದ್ದೆಯ ಬದು ಹತ್ತಿಸಿ ಇಳಿಸುವವರಿಗೆ ಈ ಕೈ ಬೇಗ ಬರುತ್ತದೆ.

ಗಂಗೊಳ್ಳಿ-ಭಟ್ಕಳದ ನಡುವೆ ಗಾಳಿಗಿಂತ ದೂರದಿಂದ ಬರುವ ಅಲೆಯ ಕಡೆ ಗಮನವಿರಬೇಕು. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯ ಕಡಲ ಮುನ್ಸೂಚನೆಯಲ್ಲಿ ಅಲೆಯ ಎತ್ತರದ ಪಕ್ಕದಲ್ಲೇ ಅದರ ಅವಧಿ, ಅಂದರೆ ಒಂದು ಅಲೆಗೂ ಮುಂದಿನ ಅಲೆಗೂ ನಡುವಿನ ಹೊತ್ತು, ಸೆಕೆಂಡುಗಳಲ್ಲಿರುತ್ತದೆ. ಬಹಳ ಜನ ಎತ್ತರವಷ್ಟೇ ಓದುತ್ತಾರೆ. ಒಂದು ಮೀಟರ್ ಎತ್ತರ, ಆರು ಸೆಕೆಂಡ್ ಎಂದರೆ ಇಲ್ಲೇ ಗಾಳಿಗೆ ಎದ್ದದ್ದು, ಮೈ ನೋಯುತ್ತದೆ ಅಷ್ಟೆ. ಅದೇ ಒಂದು ಮೀಟರ್, 15 ಸೆಕೆಂಡ್ ಎಂದರೆ ದಕ್ಷಿಣದ ದೂರದ ಸಾಗರದಲ್ಲಿ ಹುಟ್ಟಿ ಬಂದದ್ದು. ಹೊರಗೆ ಅದು ಗೊತ್ತೇ ಆಗುವುದಿಲ್ಲ, ದಿಣ್ಣೆಯ ಮೇಲೆ ಬಂದಾಗ ದುಪ್ಪಟ್ಟಾಗಿ ಏಳುತ್ತದೆ. ಗಾಳಿಯೇ ಇಲ್ಲದ ದಿನವೂ ಅಳಿವೆ ಕೆಡುವುದು ಇದರಿಂದ. ಅವಧಿ 13-14 ದಾಟಿದ್ದರೆ ಆ ದಿನ ಹೊರಡದೆ ಬಂದರಿನಲ್ಲೇ ಉಳಿಯುವುದು ಲೇಸು. ಭಟ್ಕಳದಲ್ಲಿ ಗುಡ್ಡದ ಮೇಲಿನ ದೀಪಸ್ತಂಭ ಹಿಡಿದು ಮಾವಿನಕುರ್ವೆಯ ಬಂದರಿಗೆ ಹೋದರೆ ಸಾಕು, ವಿಶೇಷವೇನಿಲ್ಲ.

ಕೊನೆಯ ಹಂತದಲ್ಲಿ ಗುರುತಿಗೆ ಬರವಿಲ್ಲ. ಮುರುಡೇಶ್ವರದ 123 ಅಡಿಯ ಶಿವನೂ ಇಪ್ಪತ್ತು ಅಂತಸ್ತಿನ ಗೋಪುರವೂ ಮೈಲಿಗಟ್ಟಲೆ ದೂರದಿಂದ ಕಾಣುತ್ತವೆ. ಎಡಕ್ಕೆ ದೂರದಲ್ಲಿ ನೇತ್ರಾಣಿ. ಅದರ ಹತ್ತಿರ ನೌಕಾಪಡೆ ಗುಂಡಿನ ಅಭ್ಯಾಸ ನಡೆಸುವುದುಂಟು, ಹಾಗಾಗಿ ಸುಮ್ಮನೆ ನೋಡಿ ಬರೋಣ ಅಂತ ಆ ಕಡೆ ತಿರುಗುವ ಜಾಗವಲ್ಲ.

ಹೊನ್ನಾವರದ ಅಳಿವೆ ಈ ದಾರಿಯಲ್ಲೇ ಕಷ್ಟದ್ದು. ದಕ್ಷಿಣಕ್ಕೆ ಕಾಸರಕೋಡು ಟೊಂಕದ ಮರಳು. ದಿಣ್ಣೆ ಮಳೆಗಾಲದಿಂದ ಮಳೆಗಾಲಕ್ಕೆ ಜಾಗ ಬದಲಿಸುತ್ತದೆ. ಮಳೆಗಾಲದ ನೆರೆ ಬಾಯಿಯನ್ನು ತೊಳೆದು ಹೋಗುತ್ತದೆ, ಬೇಸಿಗೆಯಲ್ಲಿ ಹೊಳೆ ಸೊರಗಿದಂತೆ ಕಡಲು ಮತ್ತೆ ಮರಳು ತಂದು ತುಂಬುತ್ತದೆ. ಇಲ್ಲಿ ಭರತದ ಪಟ್ಟಿಯ ಜೊತೆಗೆ ಇನ್ನೊಂದು ಲೆಕ್ಕವೂ ಸೇರುತ್ತದೆ. ಮೇಲೆ ಗೇರುಸೊಪ್ಪದ ವಿದ್ಯುದಾಗಾರದಿಂದ ನೀರು ಬಿಟ್ಟರೆ ಅದೂ ಇದೇ ಬಾಯಿಂದ ಹೊರಗೆ ಬರಬೇಕು, ಆಗ ಇಳಿತದ ಸೆಳೆತ ಬಲವಾಗುತ್ತದೆ, ಏರುವ ನೀರಿನ ಬಲ ಕುಗ್ಗುತ್ತದೆ. ಪಟ್ಟಿ ಏನೇ ಹೇಳಲಿ, ನೀರು ನಿಜಕ್ಕೂ ಒಳಗೆ ಹೋಗುತ್ತಿದೆಯೇ ಎಂದು ತೇಲುವ ಕಸ ನೋಡಿ ಖಚಿತ ಮಾಡಿಕೊಳ್ಳಬೇಕು. ಹಿಂದಿನ ದಿನವೇ ಟೊಂಕದ ಮೀನುಗಾರರಲ್ಲಿ ಒಬ್ಬರನ್ನು ಗೊತ್ತುಮಾಡಿ, ಅವರ ದೋಣಿ ಹೊರಗೆ ಬಂದು ಮುಂದೆ ದಾರಿ ತೋರಿಸುವಂತೆ ಮಾಡಿಕೊಳ್ಳುವುದೇ ಸರಿಯಾದ ಕ್ರಮ. ಅದಕ್ಕೆ ಕೊಡುವ ಹಣ ಒಂದು ಪ್ರೊಪೆಲ್ಲರಿನ ಬೆಲೆಗಿಂತ ಬಹಳ ಕಡಿಮೆ. ಒಳಗೆ ಬಂದು ಹೆದ್ದಾರಿ ಸೇತುವೆಯ ಕಡೆ ತಿರುಗಿದ ಮೇಲೆ ನೀರು ಮಟ್ಟಸ, ಆದರೆ ಕಾಂಡ್ಲ ಗಿಡಗಳ ಬದಿಯ ಕೆಸರು ಬಹಳ ದೂರ ಚಾಚಿದೆ. ನಡುಹೊಳೆಯಲ್ಲೇ ಇರಬೇಕು.

ದಕ್ಕೆಗೆ ಕಟ್ಟಿದ ಮೇಲೆ ಮಾಡಬೇಕಾದ ಕೆಲಸಗಳಿವೆ. ಎಂಜಿನ್ನಿಗೆ ಸಿಹಿನೀರಿನ ಪೈಪು ಕೊಟ್ಟು 10ರಿಂದ 15 ನಿಮಿಷ ಓಡಿಸಿ ಉಪ್ಪು ತೊಳೆಯಬೇಕು. ದಾರಿಯಲ್ಲೂ ಪ್ರತಿ ಸಂಜೆ ಇದನ್ನು ಮಾಡಿರಬೇಕು. ಗೇರ್ ಎಣ್ಣೆಯ ಕೆಳಗಿನ ಸ್ಕ್ರೂ ಸಡಿಲಿಸಿ ಒಂದೆರಡು ಹನಿ ಬೆರಳ ಮೇಲೆ ತೆಗೆದು ನೋಡಿ. ತಿಳಿಯಾಗಿದ್ದರೆ ಸರಿ. ಹಾಲು ಬೆರೆತ ಬಣ್ಣ ಬಂದರೆ ಬಲೆಯ ಎಳೆ ಸೀಲನ್ನು ತಿಂದಿದೆ, ನೀರು ಒಳಗೆ ಹೋಗಿದೆ. ಹಾಗೇ ನಿಲ್ಲಿಸಿ ತುಮಕೂರಿಗೆ ಹೋಗಿ ತಿಂಗಳು ಬಿಟ್ಟು ಬಂದರೆ ಗೇರ್‌ಗಳು, ಬೇರಿಂಗುಗಳು ತುಕ್ಕು ಹಿಡಿದಿರುತ್ತವೆ. ಎಣ್ಣೆ ಬಸಿದು, ಹೊಸ ಸೀಲು ಹಾಕಿ, ಕೆಳಗಿನ ತೂತಿನಿಂದಲೇ ಎಣ್ಣೆ ತುಂಬಿಸುತ್ತಾ ಮೇಲಿನ ತೂತಿನಿಂದ ಗುಳ್ಳೆಯಿಲ್ಲದೆ ಹೊರಬರುವವರೆಗೆ ಬಿಡಬೇಕು. ಮೇಲಿನ ಸ್ಕ್ರೂ ಮೊದಲು ಬಿಗಿಯಬೇಕು, ಕೆಳಗಿನದು ಆಮೇಲೆ. ಎಂಜಿನ್ನಿನ ಲೋಹದ ಬದಲು ತಾನು ಕರಗುವ ಸತುವಿನ ಆನೋಡು ಅರ್ಧ ಕರಗಿದ್ದರೆ ಆಗಲೇ ಬದಲಾಯಿಸಿ, ಅದಕ್ಕೆ ಬಣ್ಣ ಬಳಿಯಬೇಡಿ, ಬಳಿದರೆ ಅದು ಕೆಲಸ ಮಾಡುವುದಿಲ್ಲ. ಎಂಜಿನ್ ಎಣ್ಣೆಯ ಮೊದಲ ಬದಲಾವಣೆ 20 ಗಂಟೆಗೆ. ಅಂದರೆ ಶರಾವತಿಯಲ್ಲಿ ಇನ್ನೊಂದು ಹತ್ತು ಗಂಟೆ ಓಡಿಸಿದ ಮೇಲೆ.